ಪವಿತ್ರ ರೋಮನ್ ಸಾಮ್ರಾಜ್ಯದ ಪುಟ್ಟ ಸಂಸ್ಥಾನಗಳು: ಇಷ್ಟೊಂದು ಚೂರುಗಳು ಒಂದೇ ಸೂರಿನಡಿ ಬಾಳಿದ್ದು ಹೇಗೆ?

ತುಂಗಾತೀರ:

ಒಬ್ಬ ಚಕ್ರವರ್ತಿಯ ಕೆಳಗೆ ಜರ್ಮನ್ ಸೀಮೆಗಳು ಕೂಡಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ 18ನೆಯ ಶತಮಾನದ ನಕ್ಷೆಯನ್ನು, ಅದರಲ್ಲೂ ನೈಋತ್ಯ ಮೂಲೆಯ ಸ್ವೇಬಿಯಾ ಭಾಗವನ್ನು ಹಿಗ್ಗಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗೊಂದಲವೇ. ಸಾಮ್ರಾಜ್ಯದ ಮಹಾಸಭೆಯಲ್ಲಿ ಸ್ಥಾನ ಪಡೆದಿದ್ದ ಸಂಸ್ಥಾನಗಳೇ ಸುಮಾರು 300. ಸಭೆಯಲ್ಲಿ ಸ್ಥಾನವಿಲ್ಲದಿದ್ದರೂ ಚಕ್ರವರ್ತಿಯನ್ನು ಬಿಟ್ಟು ಬೇರೆ ಯಾರನ್ನೂ ಒಡೆಯನೆಂದು ಒಪ್ಪದ ಸಾಮ್ರಾಜ್ಯದ ನೈಟ್ ಮನೆತನಗಳು ಇನ್ನೂ 350ರಷ್ಟಿದ್ದು, ಅವರ ಜಹಗೀರುಗಳು 1,500ರ ಆಸುಪಾಸಿನಲ್ಲಿದ್ದವು. ರಾಜರು, ಡ್ಯೂಕರು ಮತ್ತು ಕೌಂಟರಷ್ಟೇ ಅಲ್ಲ, ಬಿಷಪ್‌ಗಳು, ಮಠಾಧೀಶರು, ಸನ್ಯಾಸಿನಿಯರ ಮಠದ ಒಡತಿಯರು, ನಗರಸಭೆಗಳು, ಕೊನೆಗೆ ಫ್ರಾಂಕೋನಿಯಾದ ಗೊಖ್ಸ್‌ಹೈಮ್ ಮತ್ತು ಸೆನ್‌ಫೆಲ್ಡ್‌ನಂಥ ಬರಿಯ ಹಳ್ಳಿಗಳು ಕೂಡ ನೇರವಾಗಿ ಚಕ್ರವರ್ತಿಯ ಅಧೀನವೆಂಬ ಹಕ್ಕನ್ನು ಹೊಂದಿದ್ದವು.

ಡ್ಯಾನ್ಯೂಬ್ ದಡದ ರೇಗೆನ್ಸ್‌ಬುರ್ಗ್ ಊರೊಂದನ್ನೇ ನೋಡಿ. ಒಂದೇ ಕೋಟೆಯ ಒಳಗೆ ಐದು ಪ್ರತ್ಯೇಕ ಸಂಸ್ಥಾನಗಳು: ಪ್ರೊಟೆಸ್ಟೆಂಟ್ ಪಂಥದ ನಗರಸಭೆ, ಕ್ಯಾಥೊಲಿಕ್ ಬಿಷಪ್‌ನ ಸಂಸ್ಥಾನ, ಸಂತ ಎಮ್ಮೆರಾಮನ ಮಠ, ಹಾಗೂ ನೀಡರ್‌ಮ್ಯೂನ್‌ಸ್ಟರ್ ಮತ್ತು ಓಬರ್‌ಮ್ಯೂನ್‌ಸ್ಟರ್ ಎಂಬ ಎರಡು ಮಹಿಳಾ ಮಠಗಳು. 1663ರಿಂದ ಮಹಾಸಭೆ ಎಡೆಬಿಡದೆ ಕೂತದ್ದೂ ಇದೇ ಊರಿನಲ್ಲಿ. ಇದನ್ನೆಲ್ಲ ಸತ್ತುಹೋಗಬೇಕಾಗಿದ್ದ ಹಳೆಯ ವ್ಯವಸ್ಥೆಯ ಅವಶೇಷವೆಂದು ಬರೆದುಬಿಡುವುದು ಸುಲಭ. ಆದರೆ ನೆರೆಯ ದೊಡ್ಡ ರಾಜ್ಯವೊಂದು ಒಂದೇ ಮಧ್ಯಾಹ್ನದಲ್ಲಿ ನುಂಗಬಹುದಾಗಿದ್ದ ಊರುಗಳು ಮುನ್ನೂರು, ನಾನೂರು ವರ್ಷ ಉಳಿದುಕೊಂಡವೆಂದರೆ ಅವುಗಳನ್ನು ಯಾವುದೋ ಒಂದು ಕಾಯುತ್ತಿತ್ತು ಎಂದೇ ಅರ್ಥ. ಅದು ಸೈನ್ಯವಲ್ಲ, ನ್ಯಾಯಾಲಯ ಎಂಬುದು ನನ್ನ ಅಭಿಪ್ರಾಯ. ಬಲ್ಲವರು ಇದನ್ನು ಒರೆಗೆ ಹಚ್ಚಬೇಕೆಂದು ಕೋರುತ್ತೇನೆ.

ಕೋಟೆಬಾಗಿಲು:

ಕಾಪಾಡಿದ್ದು ಯಾವುದು ಎನ್ನುವ ಮೊದಲು ಇವು ಹುಟ್ಟಿದ್ದು ಹೇಗೆ ಎಂಬುದನ್ನು ನೋಡುವುದು ಒಳ್ಳೆಯದು, ಏಕೆಂದರೆ ಎಲ್ಲವೂ ಒಂದೇ ದಾರಿಯಲ್ಲಿ ಬಂದವಲ್ಲ.

ಸ್ವೇಬಿಯಾ ಅಷ್ಟೊಂದು ಛಿದ್ರವಾಗಿ ಕಾಣುವುದಕ್ಕೆ ಒಂದು ಮನೆತನ ಅಳಿದುಹೋದದ್ದೇ ಮುಖ್ಯ ಕಾರಣ. ಹೋಹೆನ್‌ಸ್ಟೌಫೆನ್ ವಂಶದ ಕೊನೆಯ ಕುಡಿ ಕಾನ್ರಾಡಿನ್‌ನನ್ನು 1268ರಲ್ಲಿ ನೇಪಲ್ಸ್‌ನಲ್ಲಿ ಶಿರಚ್ಛೇದ ಮಾಡಿದ ಮೇಲೆ ಸ್ವೇಬಿಯಾದ ಡ್ಯೂಕ್ ಪದವಿಗೆ ವಾರಸುದಾರರೇ ಇಲ್ಲವಾದರು. ನಡುವಿನ ಒಡೆಯ ಇಲ್ಲವಾದಾಗ ಆತನ ಕೈಕೆಳಗಿದ್ದ ಪಟ್ಟಣಗಳು, ಮಠಗಳು ಮತ್ತು ಸಣ್ಣ ಪಾಳೆಯಗಾರರು ತಮಗೂ ಚಕ್ರವರ್ತಿಗೂ ನಡುವೆ ಇನ್ನು ಯಾರೂ ಇಲ್ಲವೆಂದು ಸಾರಿದರು. ಚಕ್ರವರ್ತಿಗೂ ಅದರಿಂದ ನಷ್ಟವಿರಲಿಲ್ಲ. ದೊಡ್ಡ ಡ್ಯೂಕ್ ಒಬ್ಬನಿಗಿಂತ ತನ್ನನ್ನೇ ಆಶ್ರಯಿಸಿದ ನೂರು ಸಣ್ಣವರು ಹೆಚ್ಚು ನಿಷ್ಠರು. ಈ ಲೆಕ್ಕಾಚಾರ ಕೊನೆಯವರೆಗೂ, ಮುಂದೆ ಬಹುಕಾಲ ಚಕ್ರವರ್ತಿ ಪದವಿಯಲ್ಲಿದ್ದ ಹ್ಯಾಪ್ಸ್‌ಬರ್ಗ್ ಮನೆತನದವರ ಮನಸ್ಸಿನಲ್ಲಿತ್ತು.

ಥುರಿಂಜಿಯಾ ಕಡೆಯ ಕಥೆ ಬೇರೆ. ಅಲ್ಲಿ ಒಡೆದದ್ದು ಅಣ್ಣತಮ್ಮಂದಿರ ಪಾಲಿನಿಂದ. ಅನ್‌ಹಾಲ್ಟ್ ಸೀಮೆ 1603ರಲ್ಲಿ ಡೆಸ್ಸೌ, ಬೆರ್ನ್‌ಬುರ್ಗ್, ಕ್ಯೋಥೆನ್, ತ್ಸೆರ್ಬ್ಸ್ಟ್ ಮುಂತಾದ ಭಾಗಗಳಾಗಿ ಹಂಚಿಹೋಯಿತು. ಮುಂದೆ ರಷ್ಯಾದ ಮಹಾರಾಣಿ ಎರಡನೆಯ ಕ್ಯಾಥರಿನ್ ಆದ ಹುಡುಗಿ ಈ ತ್ಸೆರ್ಬ್ಸ್ಟ್ ಶಾಖೆಯವಳು. ರಾಯ್ಸ್ ಎಂಬ ಮನೆತನದಲ್ಲಂತೂ ಗಂಡು ಮಕ್ಕಳಿಗೆಲ್ಲ ಹೈನ್‌ರಿಖ್ ಎಂಬ ಒಂದೇ ಹೆಸರಿಟ್ಟು ಸಂಖ್ಯೆಯಿಂದ ಗುರುತಿಸುತ್ತಿದ್ದರು. ಆ ಮನೆತನದ ಎರಡು ಶಾಖೆಗಳು 1918ರವರೆಗೂ ರಾಜ್ಯವಾಳಿದವು. 1356ರಲ್ಲಿ ನಾಲ್ಕನೆಯ ಚಾರ್ಲ್ಸ್ ಹೊರಡಿಸಿದ ಸ್ವರ್ಣಮುದ್ರೆಯ ಶಾಸನವು ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ನಾಲ್ವರು ಲೌಕಿಕ ರಾಜರ ಸೀಮೆಗಳನ್ನು ಮಾತ್ರ ಒಡೆಯಬಾರದು, ಹಿರಿಯ ಮಗನಿಗೇ ಹೋಗಬೇಕು ಎಂದು ವಿಧಿಸಿತ್ತು. ಉಳಿದವರು ತಮ್ಮ ತಮ್ಮ ಮನೆಯ ಕಟ್ಟಳೆಯಂತೆ ಹಂಚಿಕೊಂಡರು.

ಬಯಲುಸೀಮೆ:

ಹುಟ್ಟಿನ ವಿವರ ಸೊಗಸಾಗಿದೆ. ಆದರೆ ಆ ವ್ಯವಸ್ಥೆಯಲ್ಲಿ ಬದುಕಬೇಕಾಗಿದ್ದವನ ಕಡೆಯಿಂದಲೂ ನೋಡೋಣ.

ರೈನ್ ನದಿಯಲ್ಲಿ ದೋಣಿ ನಡೆಸುವ ವರ್ತಕ ಪ್ರತಿಯೊಬ್ಬ ಒಡೆಯನ ಸುಂಕದ ಕಟ್ಟೆಯಲ್ಲೂ ನಿಲ್ಲಬೇಕಾಗಿತ್ತು. ಕೌಬ್ ಬಳಿ ನದಿಯ ನಡುಬಂಡೆಯ ಮೇಲೆ ಈಗಲೂ ನಿಂತಿರುವ ಫಾಲ್ಸ್‌ಗ್ರಾಫೆನ್‌ಸ್ಟೈನ್ ಕೋಟೆಯನ್ನು 14ನೆಯ ಶತಮಾನದಲ್ಲಿ ಕಟ್ಟಿದ್ದೇ ಸುಂಕಕ್ಕಾಗಿ. ಅಳತೆ, ತೂಕ ಮತ್ತು ನಾಣ್ಯ ಊರಿಂದೂರಿಗೆ ಬೇರೆ. ದಿನಾಂಕ ಕೂಡ ಒಂದೇ ಆಗಿರಲಿಲ್ಲ: ಪೋಪ್ ಗ್ರೆಗರಿಯ ಹೊಸ ಪಂಚಾಂಗವನ್ನು ಕ್ಯಾಥೊಲಿಕ್ ಸೀಮೆಗಳು 1583ರ ಹೊತ್ತಿಗೆ ಒಪ್ಪಿದರೆ ಪ್ರೊಟೆಸ್ಟೆಂಟರು 1700ರವರೆಗೆ ಒಪ್ಪಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ, ಅರ್ಧ ಗಂಟೆ ನಡೆದು ಪಕ್ಕದ ಹಳ್ಳಿಗೆ ಹೋದವನು ಹತ್ತು ದಿನ ಮುಂದಕ್ಕೋ ಹಿಂದಕ್ಕೋ ಹೋಗುತ್ತಿದ್ದ. ಎರಡೂ ಪಂಥದವರಿದ್ದ ಔಗ್ಸ್‌ಬುರ್ಗ್ ನಗರದಲ್ಲಿ 1584ರಲ್ಲಿ ಪಂಚಾಂಗದ ಹೆಸರಿನಲ್ಲೇ ದಂಗೆಯಾಯಿತು.

ಸೈನ್ಯದ ಮಾತಂತೂ ಕೇಳಲೇಬೇಡಿ. 1521ರಲ್ಲಿ ವೋರ್ಮ್ಸ್ ಸಭೆಯಲ್ಲಿ ಬರೆದ ಪಟ್ಟಿಯಂತೆ ಎಲ್ಲ ಸಂಸ್ಥಾನಗಳೂ ಸೇರಿ ಸುಮಾರು 4,000 ಕುದುರೆ ಸವಾರರನ್ನೂ 20,000 ಕಾಲಾಳುಗಳನ್ನೂ ಒದಗಿಸಬೇಕು. ಆಳು ಕೊಡಲಾಗದವರು ತಿಂಗಳಿಗೆ ಸವಾರನೊಬ್ಬನಿಗೆ 12 ಗುಲ್ಡನ್, ಕಾಲಾಳಿಗೆ 4 ಗುಲ್ಡನ್ ಲೆಕ್ಕದಲ್ಲಿ ಹಣ ತೆರಬೇಕು. ಸ್ವೇಬಿಯಾದ ಒಂದು ತುಕಡಿಗೆ ಕ್ಯಾಪ್ಟನ್‌ನನ್ನು ಗ್ಮ್ಯೂಂಡ್ ನಗರ, ಮೊದಲ ಲೆಫ್ಟಿನೆಂಟನನ್ನು ರೋಟ್‌ವೈಲ್ ನಗರ, ಎರಡನೆಯವನನ್ನು ರೋಟೆನ್‌ಮ್ಯೂನ್‌ಸ್ಟರ್ ಮಠದ ಒಡತಿ, ಧ್ವಜ ಹಿಡಿಯುವವನನ್ನು ಗೆಂಗೆನ್‌ಬಾಖ್‌ನ ಮಠಾಧೀಶರು ನೇಮಿಸುತ್ತಿದ್ದರೆಂಬ ಮಾತು ಆ ಕಾಲದಲ್ಲೇ ಪ್ರಚಲಿತವಾಗಿತ್ತು. ಇಂಥ ಸೈನ್ಯ ಫ್ರೆಂಚರ ಜೊತೆಗೂಡಿ 1757ರ ನವೆಂಬರ್ 5ರಂದು ರೋಸ್‌ಬಾಖ್‌ನಲ್ಲಿ ಉತ್ತರದ ಪ್ರಬಲ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್‌ನನ್ನು ಎದುರಿಸಿ ಎರಡು ಗಂಟೆಯೊಳಗೆ ಚೆದುರಿಹೋಯಿತು. ಇಷ್ಟಾದ ಮೇಲೂ ಇದನ್ನು ಬಾಳಿದ ವ್ಯವಸ್ಥೆ ಎನ್ನಬೇಕೆ?

ತುಂಗಾತೀರ:

ಸೈನ್ಯದ ವಿಷಯದಲ್ಲಿ ನಿಮ್ಮೊಡನೆ ವಾದವಿಲ್ಲ. ಆದರೆ ಆ ಸೈನ್ಯ ದಂಡಯಾತ್ರೆಗೆಂದು ರೂಪುಗೊಂಡದ್ದೇ ಅಲ್ಲ. ಆ ಸಾಮ್ರಾಜ್ಯದ ಕಸುಬು ಬೇರೆಯದಾಗಿತ್ತು.

1495ರಲ್ಲಿ, ಅದೇ ವೋರ್ಮ್ಸ್‌ನಲ್ಲಿ, ಶಾಶ್ವತ ಶಾಂತಿಯ ಶಾಸನ ಜಾರಿಗೆ ಬಂತು. ಅಲ್ಲಿಯವರೆಗೆ ಒಬ್ಬ ಒಡೆಯನಿಗೆ ಇನ್ನೊಬ್ಬನ ಮೇಲೆ ದೂರಿದ್ದರೆ ವಿಧಿವತ್ತಾಗಿ ಕದನ ಘೋಷಿಸಿ ಅವನ ಹಳ್ಳಿಗಳಿಗೆ ಬೆಂಕಿಯಿಡುವ ಹಕ್ಕಿತ್ತು; ಶಾಸನ ಆ ಹಕ್ಕನ್ನು ರದ್ದುಮಾಡಿ, ಅದರ ಬದಲಿಗೆ ಸಾಮ್ರಾಜ್ಯ ನ್ಯಾಯಾಲಯವನ್ನು ಸ್ಥಾಪಿಸಿತು. ಈ ನ್ಯಾಯಾಲಯ ಫ್ರಾಂಕ್‌ಫರ್ಟ್‌ನಲ್ಲಿ ಆರಂಭವಾಗಿ, ದೀರ್ಘಕಾಲ ಸ್ಪೈಯರ್‌ನಲ್ಲಿದ್ದು, ಆ ಊರನ್ನು 1689ರಲ್ಲಿ ಫ್ರೆಂಚ್ ಸೈನ್ಯ ಸುಟ್ಟ ಮೇಲೆ ವೆಟ್ಸ್‌ಲರ್‌ಗೆ ಹೋಯಿತು. ವಿಯೆನ್ನಾದಲ್ಲಿ ಚಕ್ರವರ್ತಿಯದೇ ಆದ ಆಸ್ಥಾನ ಮಂಡಳಿ ಎಂಬ ಎರಡನೆಯ ಉಚ್ಚ ನ್ಯಾಯಪೀಠವೂ ಇತ್ತು. ಮೊಕದ್ದಮೆಗಳು ತಲೆಮಾರುಗಟ್ಟಲೆ ಎಳೆದದ್ದು ನಿಜ. ಆದರೆ ಪ್ರಕರಣ ನಡೆಯುತ್ತಿರುವಷ್ಟು ಕಾಲ ಬೆಂಕಿ ಬೀಳುತ್ತಿರಲಿಲ್ಲ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಪ್ರಜೆ ತನ್ನ ಒಡೆಯನ ಮೇಲೆಯೇ ಅಲ್ಲಿ ದಾವೆ ಹೂಡಬಹುದಾಗಿತ್ತು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ವ್ಯುರ್ಟೆಂಬೆರ್ಗ್‌ನ ಡ್ಯೂಕ್ ಕಾರ್ಲ್ ಯೂಜೀನ್, ಪ್ರಾಂತ ಸಭೆಯ ಕಾನೂನು ಸಲಹೆಗಾರ ಯೋಹಾನ್ ಯಾಕೋಬ್ ಮೋಸರ್‌ನನ್ನು 1759ರಲ್ಲಿ ವಿಚಾರಣೆಯಿಲ್ಲದೆ ಹೋಹೆನ್‌ಟ್ವೀಲ್ ಕೋಟೆಯಲ್ಲಿ ಸೆರೆಯಿಟ್ಟ. ಸಭೆಯವರು ವಿಯೆನ್ನಾಕ್ಕೆ ದೂರಿತ್ತರು. 1764ರಲ್ಲಿ ಮೋಸರ್ ಬಿಡುಗಡೆಯಾದ. 1770ರಲ್ಲಿ ಡ್ಯೂಕ್ ತನ್ನ ಪ್ರಾಂತ ಸಭೆಯ ಹಕ್ಕುಗಳನ್ನು ಮತ್ತೆ ಒಪ್ಪಿ ಒಪ್ಪಂದಕ್ಕೆ ಬರಬೇಕಾಯಿತು. ಗ್ರೇವೈಲರ್‌ನ ಕೌಂಟ್ ಕಾರ್ಲ್ ಮಾಗ್ನಸ್ ಅರಮನೆ ಕಟ್ಟಲು ಸಾಲ ಮಾಡಿ, ಪ್ರಜೆಗಳ ಹೆಸರಿನಲ್ಲಿ ಸುಳ್ಳು ಪತ್ರ ಸೃಷ್ಟಿಸಿದ್ದಕ್ಕೆ 1775ರಲ್ಲಿ ಹತ್ತು ವರ್ಷದ ಸೆರೆವಾಸದ ಶಿಕ್ಷೆಗೆ ಗುರಿಯಾಗಿ ಕ್ಯೋನಿಗ್‌ಸ್ಟೈನ್ ಕೋಟೆ ಸೇರಿದ. ಆಳುವ ಒಡೆಯನೊಬ್ಬನನ್ನು ವಂಚನೆಯ ಅಪರಾಧಕ್ಕೆ ಜೈಲಿಗೆ ಹಾಕಬಲ್ಲ ನ್ಯಾಯಪೀಠ ಅದೇ ಕಾಲದ ಫ್ರಾನ್ಸಿನಲ್ಲಾಗಲಿ ರಷ್ಯಾದಲ್ಲಾಗಲಿ ಇರಲಿಲ್ಲ.

ಕಾನೂನು ವಿದ್ಯಾರ್ಥಿನಿ:

ತುಂಗಾತೀರ ಅವರ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಅದು ಹೆಂಗಸರ ಪಾಲಿಗೆ ಎಷ್ಟು ತಡವಾಗಿ ಫಲಿಸಿತು ಎಂಬುದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಮಾಟಗಾತಿಯರೆಂಬ ಆರೋಪದ ಅತ್ಯಂತ ಭೀಕರ ವಿಚಾರಣೆಗಳು ನಡೆದದ್ದು ಬಹಳಷ್ಟು ಸಣ್ಣ ಸಂಸ್ಥಾನಗಳಲ್ಲಿ, ಅದರಲ್ಲೂ ಬಿಷಪ್‌ಗಳ ಹಾಗೂ ಮಠಗಳ ಸೀಮೆಗಳಲ್ಲಿ. ಎಲ್‌ವಾಂಗೆನ್ ಎಂಬ ಪುಟ್ಟ ಸೀಮೆಯಲ್ಲಿ 1611ರಿಂದ 1618ರವರೆಗೆ ಸುಮಾರು 400 ಜನರನ್ನು ಕೊಂದರು. ದೊಡ್ಡ ರಾಜ್ಯದಲ್ಲಾದರೆ ಊರಿನ ನ್ಯಾಯಾಧೀಶನ ಉನ್ಮಾದವನ್ನು ರಾಜಧಾನಿಯ ಕಾನೂನು ಪಂಡಿತರು ತಡೆಯುವ ಸಾಧ್ಯತೆಯಿತ್ತು. ಇಲ್ಲಿ ಆರೋಪ ಹೊರಿಸುವವನು, ಚಿತ್ರಹಿಂಸೆಗೆ ಆಜ್ಞೆ ಕೊಡುವವನು, ಆಸ್ತಿ ಜಪ್ತಿ ಮಾಡುವವನು ಎಲ್ಲರೂ ಒಂದೇ ಅಂಗಳದಲ್ಲಿದ್ದರು.

ಬಾಂಬೆರ್ಗ್‌ನ ನಗರಾಧ್ಯಕ್ಷ ಯೋಹಾನೆಸ್ ಯೂನಿಯುಸ್ 1628ರಲ್ಲಿ ಸೆರೆಮನೆಯಿಂದ ಮಗಳಿಗೆ ಗುಟ್ಟಾಗಿ ಕಳಿಸಿದ ಪತ್ರ ಉಳಿದುಬಂದಿದೆ. ಬೆರಳು ಹಿಸುಕುವ ಯಂತ್ರದಿಂದ ಕೈಗಳು ಕೆಟ್ಟಿದ್ದರಿಂದ ಅದನ್ನು ಬರೆಯಲು ಆತನಿಗೆ ಹಲವು ದಿನ ಹಿಡಿಯಿತು. ತಾನು ನಿರಪರಾಧಿ, ಹಿಂಸೆ ತಾಳಲಾರದೆ ಕಥೆ ಕಟ್ಟಿ ಹೇಳಬೇಕಾಯಿತು ಎಂದು ಅದರಲ್ಲಿ ತಿಳಿಸಿದ್ದಾನೆ. ಅದೇ ಊರಿನ ಡೊರೊಥಿಯಾ ಫ್ಲೋಕ್ ಎಂಬಾಕೆಯ ಕುಟುಂಬದವರು ವಿಯೆನ್ನಾದ ಮಂಡಳಿಯ ಮೊರೆ ಹೋದರು. ಆಕೆಯ ಪರವಾದ ಆಜ್ಞೆ ಕೈಸೇರುವ ಮುನ್ನವೇ, 1630ರಲ್ಲಿ, ಬಾಂಬೆರ್ಗ್‌ನವರು ಆಕೆಯನ್ನು ಕೊಂದು ಮುಗಿಸಿದ್ದರು.

ಆಜ್ಞೆ ಸಕಾಲಕ್ಕೆ ಬಂದ ಕಡೆಯೂ ಉಂಟು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಚರ್ಚೆಯ ಎರಡೂ ಮಗ್ಗುಲುಗಳು ಅದರಲ್ಲಿವೆ. ಆಲ್ಪ್ಸ್ ತಪ್ಪಲಲ್ಲಿ ರೈನ್ ನದಿಯ ಬಲದಂಡೆಗೆ ವಾಡುಝ್ ಎಂಬ ಕೌಂಟಿಯೂ ಶೆಲೆನ್‌ಬೆರ್ಗ್ ಎಂಬ ಪಾಳೆಯಪಟ್ಟೂ ಇದ್ದವು. ಎರಡನ್ನೂ ಆಳುತ್ತಿದ್ದವರು ಸಾಲದಲ್ಲಿ ಮುಳುಗಿದ್ದ ಹೋಹೆನೆಮ್ಸ್ ಮನೆತನದ ಕೌಂಟರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಮಾಟದ ಆರೋಪದ ವಿಚಾರಣೆಗಳು ಅಲೆ ಅಲೆಯಾಗಿ ನಡೆದವು, ಮತ್ತು ಸತ್ತವರ ಆಸ್ತಿ ಕೌಂಟನ ಬೊಕ್ಕಸ ಸೇರುತ್ತಿತ್ತು. ತಪ್ಪಿಸಿಕೊಂಡು ಓಡಿದ ಕೆಲವು ಪ್ರಜೆಗಳು ಚಕ್ರವರ್ತಿಗೆ ದೂರು ಕೊಟ್ಟರು. ತನಿಖೆಯ ಹೊಣೆ ಕೆಂಪ್ಟೆನ್‌ನ ಮಠಾಧೀಶರ ಪಾಲಿಗೆ ಬಂತು. ಅಂದರೆ ಒಂದು ಪುಟ್ಟ ಸಂಸ್ಥಾನದ ಒಡೆಯನ ಮೇಲಿನ ದೂರನ್ನು ವಿಚಾರಿಸಿದ್ದು ಇನ್ನೊಂದು ಪುಟ್ಟ ಸಂಸ್ಥಾನದ ಒಡೆಯರೇ. ಕಡತಗಳನ್ನು ಸಾಲ್ಸ್‌ಬುರ್ಗ್ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ ಕಳಿಸಲಾಯಿತು. 1682ರಲ್ಲಿ ಅಲ್ಲಿನ ಪಂಡಿತರು ವಿಚಾರಣೆಗಳು ದೋಷಪೂರಿತ, ಅವು ಊರ್ಜಿತವಲ್ಲ ಎಂದು ಅಭಿಪ್ರಾಯ ಕೊಟ್ಟರು. 1684ರಲ್ಲಿ ಕೌಂಟ್ ಫರ್ಡಿನಾಂಡ್ ಕಾರ್ಲ್‌ನ ಕೈಯಿಂದ ಆಡಳಿತವನ್ನು ಕಿತ್ತುಕೊಂಡು ಆತನನ್ನು ಸೆರೆಯಲ್ಲಿಟ್ಟರು; ಎರಡು ವರ್ಷದಲ್ಲಿ ಆತ ತೀರಿಕೊಂಡ.

ಸಾಲ ತೀರಿಸಲು ಆ ಮನೆತನ 1699ರಲ್ಲಿ ಶೆಲೆನ್‌ಬೆರ್ಗನ್ನು 1,15,000 ಗುಲ್ಡನ್‌ಗೂ 1712ರಲ್ಲಿ ವಾಡುಝನ್ನು 2,90,000 ಗುಲ್ಡನ್‌ಗೂ ಮಾರಿತು. ಕೊಂಡವರು ಲಿಕ್ಟನ್‌ಸ್ಟೈನ್ ಮನೆತನದವರು. ಅವರಿಗೆ ಮೊರಾವಿಯಾದಲ್ಲಿಯೂ ಆಸ್ಟ್ರಿಯಾದಲ್ಲಿಯೂ ಇದಕ್ಕಿಂತ ಎಷ್ಟೋ ದೊಡ್ಡ ಜಮೀನುಗಳಿದ್ದವು. ಆದರೆ ಅವೆಲ್ಲ ಬೇರೊಬ್ಬ ಒಡೆಯನ ಕೈಕೆಳಗಿನವು; ರೇಗೆನ್ಸ್‌ಬುರ್ಗ್ ಸಭೆಯ ರಾಜರ ಸಾಲಿನಲ್ಲಿ ಕೂರಬೇಕಾದರೆ ನೇರವಾಗಿ ಚಕ್ರವರ್ತಿಯ ಅಧೀನದ ತುಂಡು ನೆಲ ಬೇಕಿತ್ತು. 1719ರಲ್ಲಿ ಆರನೆಯ ಚಾರ್ಲ್ಸ್ ಎರಡನ್ನೂ ಒಗ್ಗೂಡಿಸಿ ಸಂಸ್ಥಾನದ ಪದವಿ ಕೊಟ್ಟ. 160 ಚದರ ಕಿಲೋಮೀಟರಿನ ಇಂದಿನ ಲಿಕ್ಟನ್‌ಸ್ಟೈನ್ ದೇಶ ಅದೇ.

ಸಂಗೀತಾಸಕ್ತ:

ಚಿಕ್ಕದಾಗಿ ಒಂದು ಮಾತು ಸೇರಿಸುತ್ತೇನೆ. ಯೋಹಾನ್ ಸೆಬಾಸ್ಟಿಯನ್ ಬಾಖ್ ವೈಮರ್ ಡ್ಯೂಕನ ಸೇವೆಯಲ್ಲಿದ್ದಾಗ ಪುಟ್ಟ ಕ್ಯೋಥೆನ್ ಆಸ್ಥಾನದ ರಾಜಕುಮಾರ ಲಿಯೊಪೋಲ್ಡ್ ಹೆಚ್ಚಿನ ಗೌರವ ಕೊಟ್ಟು ಕರೆದ. ಬಿಡುಗಡೆಗೆ ಹಟ ಹಿಡಿದ ಬಾಖ್‌ನನ್ನು ಡ್ಯೂಕ್ 1717ರ ನವೆಂಬರ್ 6ರಿಂದ ಡಿಸೆಂಬರ್ 2ರವರೆಗೆ ಕೂಡಿಹಾಕಿ, ಆಮೇಲೆ ಬಿಟ್ಟುಕೊಟ್ಟ. ಕ್ಯೋಥೆನ್‌ನಲ್ಲಿ ಆತ ಬರೆದ ವಾದ್ಯಸಂಗೀತವನ್ನು ಇಂದಿಗೂ ಜಗತ್ತು ಕೇಳುತ್ತಿದೆ. ಒಬ್ಬ ಒಡೆಯ ಬೇಡವಾದರೆ ಎರಡು ದಿನದ ಪ್ರಯಾಣದಲ್ಲಿ ಇನ್ನೊಬ್ಬ ಸಿಗುತ್ತಾನೆ ಎಂಬ ಸ್ಥಿತಿ ಕಲಾವಿದರಿಗೂ ಪ್ರಾಧ್ಯಾಪಕರಿಗೂ ಮುದ್ರಕರಿಗೂ ಎಷ್ಟು ದೊಡ್ಡ ಆಸರೆಯಾಗಿತ್ತೆಂಬುದನ್ನು ರೋಸ್‌ಬಾಖ್ ಕದನದ ಜೊತೆಗೇ ತೂಗಿ ನೋಡಬೇಕು.

ಸ್ಟುಟ್‌ಗಾರ್ಟ್ ಕನ್ನಡಿಗ:

ಬಯಲುಸೀಮೆಯವರು ಪಂಥಗಳ ಜಗಳವನ್ನು ಪ್ರಸ್ತಾಪಿಸಿದ್ದಾರೆ. ನಾನಿರುವ ಊರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋಗಿಬರಬಹುದಾದ ಬೀಬರಾಖ್ ಪಟ್ಟಣವನ್ನು ಅದಕ್ಕೆ ಉತ್ತರವಾಗಿ ತೋರಿಸಬಯಸುತ್ತೇನೆ.

1648ರ ವೆಸ್ಟ್‌ಫಾಲಿಯಾ ಒಪ್ಪಂದ ಬೀಬರಾಖ್, ಔಗ್ಸ್‌ಬುರ್ಗ್, ರಾವೆನ್ಸ್‌ಬುರ್ಗ್ ಮತ್ತು ಡಿಂಕೆಲ್ಸ್‌ಬ್ಯೂಲ್ ಎಂಬ ನಾಲ್ಕು ನಗರಗಳಲ್ಲಿ ಎರಡೂ ಪಂಥದವರಿಗೆ ಸಮಪಾಲು ಎಂದು ವಿಧಿಸಿತು. ಬೀಬರಾಖ್‌ನಲ್ಲಿ ಸಂತ ಮಾರ್ಟಿನನ ಒಂದೇ ದೊಡ್ಡ ಚರ್ಚು. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಹೊತ್ತು ಗೊತ್ತುಮಾಡಿಕೊಂಡು ಅದನ್ನೇ ಬಳಸುತ್ತ ಬಂದರು, ಇಂದಿಗೂ ಬಳಸುತ್ತಾರೆ. 1740ರ ದಶಕದಲ್ಲಿ ಯೋಹಾನೆಸ್ ತ್ಸಿಕ್ ಅದರ ಚಾವಣಿಗೆ ಚಿತ್ರ ಬರೆದಾಗ, ಇಬ್ಬರೂ ಕೂರುವ ನಡುಭಾಗದ ಮೇಲೆ ಇಬ್ಬರಿಗೂ ಒಪ್ಪುವಂಥ ಯೇಸುವಿನ ಜೀವನದ ಪ್ರಸಂಗಗಳನ್ನೂ, ಕ್ಯಾಥೊಲಿಕರಿಗೆ ಮೀಸಲಾದ ಗರ್ಭಭಾಗದ ಮೇಲೆ ಅವರ ಚರ್ಚಿನ ವಿಜಯವನ್ನೂ ಚಿತ್ರಿಸಿದ. ಕತ್ತೆತ್ತಿ ನೋಡುತ್ತ ಮುಂದಕ್ಕೆ ನಡೆದರೆ ಒಪ್ಪಂದದ ಗೆರೆ ಎಲ್ಲಿ ಹಾದುಹೋಗಿದೆ ಎಂಬುದು ಚಾವಣಿಯಲ್ಲೇ ಕಾಣುತ್ತದೆ. ಪ್ರೀತಿಯಿಂದ ಹೀಗಾಯಿತೆಂದು ನಾನು ಹೇಳುತ್ತಿಲ್ಲ. ಹುದ್ದೆ ಹುದ್ದೆಗೂ ಕಿತ್ತಾಟ ನಡೆಯುತ್ತಿತ್ತು. ಆದರೆ ಅದು ಅರ್ಜಿಗಳಲ್ಲಿ ನಡೆಯಿತು.

ಇನ್ನೊಂದು ಉದಾಹರಣೆ ಫ್ಯೂರ್ಟ್. ನ್ಯೂರೆಂಬರ್ಗ್ ನಗರ 1499ರಲ್ಲಿ ಯಹೂದಿಗಳನ್ನು ಹೊರಹಾಕಿತು. ಅದರ ಪಕ್ಕದಲ್ಲೇ ಇದ್ದ ಫ್ಯೂರ್ಟ್ ಮೇಲೆ ಬಾಂಬೆರ್ಗ್‌ನ ಚರ್ಚಿನ ಆಡಳಿತ, ಆನ್ಸ್‌ಬಾಖ್‌ನ ರಾಜ ಮತ್ತು ನ್ಯೂರೆಂಬರ್ಗ್ ಮೂವರೂ ಹಕ್ಕು ಸಾಧಿಸುತ್ತಿದ್ದರು. ಒಬ್ಬ ಬೇಡವೆಂದವರನ್ನು ಇನ್ನೊಬ್ಬ ತೆರಿಗೆಯ ಆಸೆಗೆ ಕರೆದು ನೆಲೆಗೊಳಿಸಿದ. ಅಲ್ಲಿ ಬೆಳೆದ ಯಹೂದಿ ಸಮುದಾಯ, ಅದರ ವಿದ್ಯಾಪೀಠ ಮತ್ತು ಹೀಬ್ರೂ ಮುದ್ರಣಾಲಯಗಳು ದಕ್ಷಿಣ ಜರ್ಮನಿಯಲ್ಲೆಲ್ಲ ಹೆಸರಾದವು.

ಬಯಲುಸೀಮೆ:

ಬೀಬರಾಖ್ ವಿವರಕ್ಕೆ ಕೃತಜ್ಞತೆಗಳು. ನನ್ನ ಆಕ್ಷೇಪ ಈಗ ಒಂದೇ ಒಂದು ಬಿಂದುವಿಗೆ ಬಂದು ನಿಲ್ಲುತ್ತದೆ: ನ್ಯಾಯಾಲಯ ಕಾಪಾಡಿದ್ದು ಸಣ್ಣವರನ್ನು ಸಣ್ಣವರಿಂದ. ಪ್ರಷ್ಯದಂಥವರು ತಮ್ಮ ಪ್ರಜೆಗಳು ಸಾಮ್ರಾಜ್ಯದ ಪೀಠಗಳಿಗೆ ಮೇಲ್ಮನವಿ ಹೋಗಲಾಗದಂತೆ ವಿನಾಯಿತಿ ಪಡೆದು ಆಗಲೇ ಹೊರಗೆ ಕಾಲಿಟ್ಟಿದ್ದರು. 1801ರಲ್ಲಿ ರೈನ್‌ನ ಎಡದಂಡೆ ಫ್ರಾನ್ಸಿನ ಪಾಲಾದಾಗ ಅಲ್ಲಿ ನೆಲ ಕಳೆದುಕೊಂಡ ರಾಜರಿಗೆ ಪರಿಹಾರ ಕೊಡಬೇಕೆಂಬ ನೆಪ ಸಿಕ್ಕಿತು. ಪರಿಹಾರವೆಂದು ಕೈಹಾಕಿದ್ದು ಬಿಷಪ್‌ಗಳ, ಮಠಗಳ ಮತ್ತು ನಗರಗಳ ಮೇಲೆ. 1803ರ ಫೆಬ್ರುವರಿ 25ರ ನಿರ್ಣಯದಿಂದ 112 ಸಂಸ್ಥಾನಗಳು ಅಳಿಸಿಹೋದವು. 51 ಸ್ವತಂತ್ರ ನಗರಗಳಲ್ಲಿ ಉಳಿದದ್ದು ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್, ಫ್ರಾಂಕ್‌ಫರ್ಟ್, ಔಗ್ಸ್‌ಬುರ್ಗ್ ಮತ್ತು ನ್ಯೂರೆಂಬರ್ಗ್ ಎಂಬ ಆರು ಮಾತ್ರ. ಬೀಬರಾಖ್ ಮೊದಲು ಬಾಡೆನ್‌ಗೆ, ಮೂರೇ ವರ್ಷಕ್ಕೆ ವ್ಯುರ್ಟೆಂಬೆರ್ಗ್‌ಗೆ ಹೋಯಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಹೊಸ ಒಡೆಯನನ್ನು ಕಂಡರು, ಅವರಲ್ಲಿ ಒಬ್ಬರನ್ನೂ ಯಾರೂ ಕೇಳಲಿಲ್ಲ. 1806ರ ಆಗಸ್ಟ್ 6ರಂದು ಎರಡನೆಯ ಫ್ರಾನ್ಸಿಸ್ ಕಿರೀಟ ಕೆಳಗಿಟ್ಟಾಗ ಮೇಲ್ಮನವಿ ಸಲ್ಲಿಸಲು ಪೀಠವೇ ಇರಲಿಲ್ಲ.

ಕಡಲತಡಿ:

ಕನ್ನಡಿಗರಿಗೆ ಹತ್ತಿರದ ಒಂದು ಎಳೆ ಇದರಲ್ಲಿದೆ. ನಮ್ಮ ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇರುವುದು ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ. ಅದು ಸ್ವಂತ ರಾಜಮನೆತನವಿದ್ದ ಸಾಮ್ರಾಜ್ಯದ ಸಂಸ್ಥಾನವಾಗಿತ್ತು. ಆ ವಂಶ 1744ರಲ್ಲಿ ಅಳಿದಾಗ ಪ್ರಷ್ಯ ಅದನ್ನು ತೆಗೆದುಕೊಂಡಿತು. ನೆಪೋಲಿಯನ್ನನ ಕಾಲದಲ್ಲಿ ಹಾಲೆಂಡ್ ಮತ್ತು ಫ್ರಾನ್ಸಿನ ಕೈಗೆ ಹೋಗಿ, 1815ರಲ್ಲಿ ಹ್ಯಾನೋವರ್‌ಗೆ ಸೇರಿತು. ಕಿಟೆಲ್ ಹುಟ್ಟಿದ್ದು ಹ್ಯಾನೋವರ್‌ನ ಪ್ರಜೆಯಾಗಿ. 1866ರಲ್ಲಿ ಹ್ಯಾನೋವರನ್ನೇ ಪ್ರಷ್ಯ ನುಂಗಿದಾಗ ಅವರು ಕನ್ನಡ ನಾಡಿನಲ್ಲಿದ್ದರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವ್ಯುರ್ಟೆಂಬೆರ್ಗ್‌ನ ಬ್ರಾಕೆನ್‌ಹೈಮ್‌ನವರು. ಅವರು ಹುಟ್ಟಿದ 1811ರ ವೇಳೆಗೆ ಆ ರಾಜ್ಯ ಅಕ್ಕಪಕ್ಕದ ಹತ್ತಾರು ನಗರ, ಮಠಗಳನ್ನು ಸೇರಿಸಿಕೊಂಡು ಆಗಷ್ಟೇ ದೊಡ್ಡದಾಗಿತ್ತು.

ತುಂಗಾತೀರ:

ಎಲ್ಲರಿಗೂ ವಂದನೆಗಳು. ಬಯಲುಸೀಮೆಯವರ ಕೊನೆಯ ಮಾತನ್ನು ನಾನು ಹೀಗೆ ಓದುತ್ತೇನೆ: ದೊಡ್ಡವರು ಕಾನೂನಿನಿಂದ ಹೊರಗೆ ನಡೆದ ದಿನದಿಂದಲೇ ಸಣ್ಣವರ ಆಯುಷ್ಯ ಎಣಿಕೆಗೆ ಬಂತು. ಅಂದರೆ ಅವರನ್ನು ಅಲ್ಲಿಯವರೆಗೆ ಕಾದದ್ದು ಆ ಕಾನೂನೇ. ವಾಡುಝ್ ಪ್ರಕರಣದಲ್ಲಿ ಅದು ಕೆಲಸ ಮಾಡಿದ್ದು, ಬಾಂಬೆರ್ಗ್‌ನಲ್ಲಿ ಸೋತದ್ದು ಎರಡೂ ಇದಕ್ಕೆ ಸಾಕ್ಷಿಯಾಗಿವೆ.

ಈ ವಿಷಯವನ್ನು ಮುಂದೆ ಓದಬಯಸುವವರಿಗೆ ಉಪಯುಕ್ತವಾದ ಒಂದು ಸಂಗತಿಯಿದೆ. ಸಾಮ್ರಾಜ್ಯ ನ್ಯಾಯಾಲಯದ ಕಡತಗಳು 1806ರ ನಂತರವೂ ವೆಟ್ಸ್‌ಲರ್‌ನಲ್ಲಿ ಹಾಗೆಯೇ ಉಳಿದಿದ್ದವು. 19ನೆಯ ಶತಮಾನದ ನಡುವಿನಲ್ಲಿ ಅವುಗಳನ್ನು ಆಗಿನ ಜರ್ಮನ್ ರಾಜ್ಯಗಳ ನಡುವೆ ಹಂಚಲಾಯಿತು. ಹೀಗಾಗಿ ಒಂದು ಹಳ್ಳಿಯವರು ತಮ್ಮ ಮಠಾಧೀಶರ ಮೇಲೆ ಹೂಡಿದ ದಾವೆಯನ್ನು ಹುಡುಕಬೇಕಾದರೆ ಮೊದಲು ಪ್ರತಿವಾದಿಯ ಸೀಮೆ 1803ರ ನಂತರ ಯಾವ ರಾಜ್ಯಕ್ಕೆ ಸೇರಿತು ಎಂದು ಪತ್ತೆಹಚ್ಚಿ, ಆ ರಾಜ್ಯದ ಪತ್ರಾಗಾರಕ್ಕೆ ಹೋಗಬೇಕು. ಇಬ್ಭಾಗ ಮಾಡಲು ಬಾರದ ಕಡತಗಳನ್ನು ಮಾತ್ರ ಹಂಚದೆ ಒಟ್ಟಿಗೆ ಇಟ್ಟುಕೊಂಡರು. ವೆಟ್ಸ್‌ಲರ್‌ನಲ್ಲಿ ಈಗ ಆ ನ್ಯಾಯಾಲಯದ ಬಗ್ಗೆಯೇ ಒಂದು ವಸ್ತುಸಂಗ್ರಹಾಲಯವಿದೆ. ಜರ್ಮನಿಯಲ್ಲಿರುವ ಕನ್ನಡಿಗರು ಯಾರಾದರೂ ಅಲ್ಲಿಗೆ ಹೋದರೆ, ರೈತರು ಹೂಡಿದ ದಾವೆಗಳ ಬಗ್ಗೆ ಅಲ್ಲಿ ಏನೇನು ಪ್ರದರ್ಶಿಸಿದ್ದಾರೆಂದು ನೋಡಿ ಇದೇ ಎಳೆಯಲ್ಲಿ ಬರೆಯಬೇಕೆಂದು ವಿನಂತಿಸುತ್ತೇನೆ.